ಎರಡನೇ ನಂಬರಿನ ಡಬ್ಬಿ

ಡಾಕ್ಟರೊಬ್ಬರು ಅಂಗೈಯಲ್ಲಿ ಕಂಪ್ಯೂಟರು ಹಿಡಿದು ಮದ್ದು ಬರೆಯುವುದನ್ನು ನಾನು ಮೊದಲು ಕಂಡದ್ದು ಕುಮಟಾದಲ್ಲಿ, ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿದ್ದಾಗ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಜವಳಿ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕ್ಲಿನಿಕ್ಕು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಅಂಗಿಯ ಕಿಸೆಯಲ್ಲಿ ಸಿಗರೇಟ್ ಪ್ಯಾಕಿಗಿಂತ ತುಸು ದೊಡ್ಡದಾದ ಬೂದು ಬಣ್ಣದ ಯಂತ್ರ, ಅದರ ಬೆನ್ನಿಗೆ ಸಿಕ್ಕಿಸಿದ ಒಂದು ಕಡ್ಡಿ. ರೋಗಿಯ ಮಾತು ಪೂರ್ತಿ ಕೇಳಿ, ನಾಡಿ ಹಿಡಿದು, ಎದೆ ಬೆನ್ನು ನೋಡಿ, ಆಮೇಲೆ ಆ ಕಡ್ಡಿಯಿಂದ ಯಂತ್ರದ ಗಾಜನ್ನು ಟಕ್ ಟಕ್ ಅಂತ ಮುಟ್ಟಿ ಏನನ್ನೋ ಓದಿಕೊಳ್ಳುತ್ತಿದ್ದರು. ಚಿಕ್ಕ ಮಕ್ಕಳಾದರೆ ತೂಕ ನೋಡಿ, ಸಿರಪ್ಪು ಎಷ್ಟು ಕೊಡಬೇಕೆಂದು ಅದರಲ್ಲೇ ಲೆಕ್ಕ ತೆಗೆಯುತ್ತಿದ್ದರು.

ಅಷ್ಟಕ್ಕೇ ಊರಿನ ಬಾಯಿ ತೆರೆಯಿತು. "ಆ ಡಾಕ್ಟ್ರಿಗೆ ಎಂತದೂ ಬರೂದಿಲ್ಲ ಮಾರಾಯ, ನೋಡ್ಕಂಡಿ ಬರೀತ್ರು" ಎಂದು ಒಬ್ಬರು. "ನಮ್ಮೆದುರೇ ವಿಡಿಯೋ ಗೇಮ್ ಆಡ್ತ್ರು" ಎಂದು ಇನ್ನೊಬ್ಬರು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಬಗ್ಗೆ ಆಡಿಕೊಳ್ಳುವ ಧಾಟಿ ಅದು. ನಮ್ಮ ಕಡೆ ಒಳ್ಳೇ ಡಾಕ್ಟರು ಅಂದರೆ ಮುಖ ನೋಡಿದ ಕೂಡಲೇ ಹೇಳುವವರು. ಪುಸ್ತಕ ತೆರೆದರೆ ಅರ್ಧ ಮರ್ಯಾದೆ ಹೋಯಿತು, ಯಂತ್ರ ತೆಗೆದರೆ ಪೂರ್ತಿ. ಹಾಗೆ ನಕ್ಕವರಲ್ಲಿ ನಾನೂ ಒಬ್ಬ. ಈಗ ನೆನೆದರೆ ಮೈ ಉರಿಯುತ್ತದೆ.

ನನ್ನ ಅತ್ತೆಯ ಸಂಗತಿ ಹೇಳಬೇಕು. ಅತ್ತೆ ಅಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅಘನಾಶಿನಿಯಲ್ಲಿ ಹೊಳೆಗಿಳಿದು, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ನೀರು ಇಳಿದ ಹೊತ್ತು ನೋಡಿಕೊಂಡು ಸೊಂಟಮಟ್ಟ ನಿಂತು, ಕಾಲಲ್ಲೇ ಕೆಸರು ತಡಕಿ ಚಿಪ್ಪು ಎತ್ತುವ ಕೆಲಸ ಅದು. ಐವತ್ತು ತುಂಬುವ ಮೊದಲೇ ಎದೆಯ ತೊಂದರೆ ಶುರುವಾಗಿ, ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಕವಾಟ ಬದಲಾಯಿಸಿದ್ದರು. ಅಲ್ಲಿಂದ ಮುಂದೆ ರಕ್ತ ಹೆಪ್ಪುಗಟ್ಟದ ಹಾಗೆ ತೆಳುವಾಗಿ ಇಡುವ ಒಂದು ಮಾತ್ರೆ, ದಿನಾ, ಬದುಕಿರುವವರೆಗೆ. ಹೊಳೆಗೆ ಇಳಿಯಬೇಡ ಅಂದಿದ್ದರು. ಅವಳು ಇಳಿದಳು.

ಎದೆ ಸರಿಯಾದ ಮೇಲೆ ಮಂಡಿ ಹಿಡಿಯಿತು. ಅದಕ್ಕೆ ಹೊನ್ನಾವರದ ಒಬ್ಬ ಹಳೆಯ ಡಾಕ್ಟರ ಪೊಟ್ಟಣ. ಹೆಸರಾಂತ ಕೈಗುಣದವರು. ದೋಣಿಯವರು, ಗದ್ದೆಯವರು, ಅಂಗಡಿಯವರು ಎಲ್ಲರಿಗೂ ಅವರೇ ಬೇಕು. ಅವರು ಚೀಟಿ ಬರೆಯುವವರಲ್ಲ. ಒಳಗಿನಿಂದ ಕೂಗುತ್ತಾರೆ, ಕಿಟಕಿಯಲ್ಲಿ ಕುಳಿತ ಕಂಪೌಂಡರು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಮಾತ್ರೆ ಕಟ್ಟಿಕೊಡುತ್ತಾರೆ. ಅತ್ತೆಗೆ ಎರಡು ಬಗೆ, ಒಂದು ಗುಲಾಬಿ ಬಣ್ಣದ್ದು, ಒಂದು ಬಿಳಿ. ಬೆಳಿಗ್ಗೆ ಎರಡು, ರಾತ್ರಿ ಎರಡು. ನಾನಾಗ ಹೊನ್ನಾವರದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಸುಪರ್ವೈಸರ್ ಆಗಿದ್ದೆ. ಹದಿನೈದು ದಿನಕ್ಕೊಮ್ಮೆ ಕಿಟಕಿಯೆದುರು ನಿಂತು "ಅಘನಾಶಿನಿ ಅತ್ತೆಯದ್ದು" ಅಂದರೆ ಸಾಕು, ಪೊಟ್ಟಣ ಕೈಗೆ ಬರುತ್ತಿತ್ತು. ಎರಡು ವರ್ಷ ಹಾಗೆ ತಂದುಕೊಟ್ಟೆ. ಇದರ ಹೆಸರೇನು ಎಂದು ಒಂದು ಸಲವೂ ಕೇಳಲಿಲ್ಲ. ಅತ್ತೆಯೂ ದೊಡ್ಡಾಸ್ಪತ್ರೆಯಲ್ಲಿ ಇದನ್ನು ಹೇಳಿರಲಿಲ್ಲ. ಅವಳ ಪ್ರಕಾರ ಎದೆಯ ಮದ್ದು ಬೇರೆ, ಮಂಡಿಯ ಮದ್ದು ಬೇರೆ. ಒಬ್ಬರ ವಿಷಯ ಇನ್ನೊಬ್ಬರಲ್ಲಿ ಹೇಳುವುದು ಚಾಡಿ ಹೇಳಿದ ಹಾಗೆ. ಮಾತ್ರೆ ಶುರುವಾದ ಮೇಲೆ ಮುಖ ಗುಂಡಗೆ ತುಂಬಿಬಂದಿತ್ತು. "ಆಪರೇಷನ್ ಆದ್ಮೇಲೆ ಒಳ್ಳೇ ಚಿಗುರಿದ್ರಿ" ಎಂದು ಕೇರಿಯ ಹೆಂಗಸರು ಸಂತೋಷಪಟ್ಟಿದ್ದರು.

ಒಂದು ಬುಧವಾರ ಬೆಳಿಗ್ಗೆ ಅವಳ ಮಗಳು ಫೋನು ಮಾಡಿದಳು. ಹಲ್ಲು ತಿಕ್ಕಿದರೆ ಒಸಡಿನ ರಕ್ತ ನಿಲ್ಲುತ್ತಿಲ್ಲ, ತೋಳಿನ ತುಂಬ ಹೊಡೆದ ಹಾಗೆ ನೀಲಿ ಕಲೆ. ಹೋಗಿ ಕರೆದುಕೊಂಡು ಕುಮಟಾಕ್ಕೆ ಬಂದೆ. ಬೇರೆ ಕಡೆ ನೂಕುನುಗ್ಗಲು, ಈ ಯಂತ್ರದ ಡಾಕ್ಟರಲ್ಲಿ ಜನ ಕಡಿಮೆ ಎಂಬ ಒಂದೇ ಕಾರಣಕ್ಕೆ ಆ ಮಹಡಿ ಹತ್ತಿದೆವು.

ಆಪರೇಷನ್ನಿನ ಸಂಗತಿ, ರಕ್ತ ತೆಳುವಾಗಿಡುವ ಮಾತ್ರೆಯ ಸಂಗತಿ ಎಲ್ಲ ಕೇಳಿಕೊಂಡು ಅವರು ಅತ್ತೆಯ ತುಂಬಿದ ಮುಖವನ್ನೇ ನೋಡಿದರು. "ಅಮ್ಮಾ, ರಕ್ತದ ಮಾತ್ರೆ ಬಿಟ್ಟು ಬೇರೆ ಏನು ತಗೊಳ್ತೀರಿ?"

"ಬೇರೆ ಎಂತ ಇಲ್ಲ, ಡಾಕ್ಟ್ರೇ."

"ನೋವಿಗೆ?"

"ಅದು ಮಂಡಿಗೆ" ಎಂದು ಅತ್ತೆ ಸೆರಗಿನ ಗಂಟು ಬಿಚ್ಚಿ ಪೊಟ್ಟಣ ಮೇಜಿನ ಮೇಲಿಟ್ಟಳು.

ಡಾಕ್ಟರು ಗುಲಾಬಿಯನ್ನು ಬೆಳಕಿಗೆ ಹಿಡಿದರು, ಬಿಳಿಯನ್ನು ತಿರುಗಿಸಿ ನೋಡಿದರು. ಯಂತ್ರ ತೆಗೆದು ರಕ್ತದ ಮಾತ್ರೆಯ ಹೆಸರು ಒತ್ತಿ ನನ್ನ ಕಡೆ ಹಿಡಿದರು. "ಇದರಲ್ಲಿ ಎರಡು ಮದ್ದಿನ ಹೆಸರು ಹಾಕಿದರೆ ಒಂದಕ್ಕೊಂದು ಆಗಿಬರ್ತದೋ ಇಲ್ಲವೋ ಹೇಳ್ತದೆ. ಒಂದು ಹೆಸರು ಹಾಕಿದೆ. ಇನ್ನೊಂದು ಎಲ್ಲಿದೆ?" ಗಾಜಿನ ಮೇಲೆ ಒಂದು ಖಾಲಿ ಚೌಕ, ಅದರೊಳಗೆ ಸಣ್ಣ ಗೆರೆಯೊಂದು ಮಿಣುಕುತ್ತ ಕಾಯುತ್ತಿತ್ತು. ಸಾವಿರಾರು ಮದ್ದಿನ ಹೆಸರು ಬಲ್ಲ ಯಂತ್ರ. ನಾನು ತಂದ ಪೊಟ್ಟಣದ ಮೇಲಿದ್ದದ್ದು ಯಾವುದೋ ಹಳೇ ತಿಂಗಳ ಅಮಾವಾಸ್ಯೆ, ಏಕಾದಶಿ.

ಅವರು ಹೊನ್ನಾವರಕ್ಕೆ ಫೋನು ಮಾಡಿದರು. ಫೋನಿನಲ್ಲಿ ಮದ್ದಿನ ಹೆಸರು ಹೇಳೂದಿಲ್ಲ ಎಂದು ಆ ಕಡೆ ಕಂಪೌಂಡರು ಇಟ್ಟುಬಿಟ್ಟರು. ಆಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನನ್ನ ಅನುಮಾನ ಸರಿಯಾದರೆ, ಈ ಎರಡರಲ್ಲಿ ಒಂದನ್ನು ಈಗಲೇ ನಿಲ್ಲಿಸಬೇಕು, ಅದರಿಂದಲೇ ರಕ್ತ ಬರ್ತಿದೆ. ಇನ್ನೊಂದನ್ನು ಇಷ್ಟು ದಿನ ತಿಂದವರು ತಟ್ಟನೆ ಬಿಟ್ಟರೆ ಮೈ ಕುಸಿದು ಜೀವಕ್ಕೇ ಅಪಾಯ ಬರ್ತದೆ. ಯಾವುದು ಯಾವುದು ಅಂತ ಗೊತ್ತಾಗದೆ ರಾತ್ರಿಯ ಮಾತ್ರೆ ಕೊಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಬೆಳಗಿನದ್ದು ತಿಂದಾಗಿದೆ. ಸಂಜೆಯೊಳಗೆ ಹೆಸರು ತನ್ನಿ. ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಮದ್ದಿನ ಹೆಸರು."

ಅತ್ತೆಗೆ ಇಂಜೆಕ್ಷನ್ ಕೊಟ್ಟು ಅಲ್ಲೇ ಮಲಗಿಸಿದರು. ನಾನು ಟೆಂಪೋ ಹತ್ತಿದೆ.

ಹೊನ್ನಾವರದಲ್ಲಿ ಕಂಪೌಂಡರು ನನ್ನನ್ನು ಕಂಡು ಎಂದಿನಂತೆ ಕ್ಯಾಲೆಂಡರ್ ಹಾಳೆಗೆ ಕೈ ಹಾಕಿದರು. "ಪೊಟ್ಟಣ ಬೇಡ, ಹೆಸರು ಬೇಕು" ಅಂದೆ.

"ಎಂತ ಹೆಸ್ರು?"

"ಮಾತ್ರೆಯದ್ದು."

ಅವರು ಅತ್ತಿತ್ತ ನೋಡಿ ಕಿಟಕಿಯಿಂದ ತುಸು ಸರಿದರು. ಒಳಗಿನ ಹಲಗೆಯ ಮೇಲೆ ಸಾಲಾಗಿ ಡಬ್ಬಿಗಳು. ಸಾವಿರ ಮಾತ್ರೆ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ. ಪ್ರತಿಯೊಂದರ ಚೀಟಿಯನ್ನೂ ಕೆರೆದು ತೆಗೆದು, ಬಿಳಿ ಕಾಗದ ಅಂಟಿಸಿ, ಒಂದು, ಎರಡು, ಮೂರು ಎಂದು ನಂಬರು ಬರೆದಿತ್ತು. "ನಾ ಹೇಳೂದಿಲ್ಲ ಅಂತ ಅಲ್ಲ ತಮಾ. ನಂಗೇ ಗೊತ್ತಿಲ್ಲ. ನಿಮ್ಮ ಅತ್ತೆದು ಎರಡು ಮತ್ತೆ ಐದು. ಹನ್ನೊಂದು ವರ್ಷ ಆತು, ನಂಗೆ ನಂಬರಷ್ಟೇ ಗೊತ್ತಿದ್ದದ್ದು."

ಗೇರುಬೀಜದ ಡಬ್ಬಿಯ ಮೇಲೂ ಒಳಗೇನಿದೆ, ಯಾವ ದರ್ಜೆ, ಯಾವ ದಿನ ತುಂಬಿದ್ದು ಎಂದು ಬರೆಯದೆ ನಾವು ಕಾರ್ಖಾನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಮನುಷ್ಯರ ಹೊಟ್ಟೆಗೆ ಹೋಗುವ ಮದ್ದಿಗೆ ನಂಬರು. ರೋಗಿ ಬೇರೆ ಕಡೆ ಹೋಗಬಾರದು, ಬೇರೆ ಡಾಕ್ಟರಿಗೆ ಗುಟ್ಟು ಸಿಗಬಾರದು, ಅದಕ್ಕೆ. "ಡಾಕ್ಟ್ರು ಬುಧವಾರ ಭಟ್ಕಳದಲ್ಲಿ ಕೂತ್ಕಳ್ತ್ರು. ನೀವೇ ಕೇಳಿ" ಎಂದರು ಕಂಪೌಂಡರು. ಹನ್ನೊಂದು ವರ್ಷ ಇನ್ನೊಬ್ಬರ ಗುಟ್ಟು ಕಟ್ಟಿಕೊಟ್ಟ ಅವರ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ.

ಶರಾವತಿ ಸೇತುವೆ ದಾಟಿದ ಮೇಲೆ ಟೆಂಪೋ ನಿಂತೂ ನಿಂತೂ ಹೋಯಿತು. ಅಪ್ಸರಕೊಂಡಕ್ಕೆ ಹೋಗುವ ಕಾಲೇಜು ಮಕ್ಕಳು ಹತ್ತಿದರು, ನಗುತ್ತ ಇಳಿದರು. ನಾನು ಗಡಿಯಾರ ನೋಡುತ್ತ ಕೂತಿದ್ದೆ. ಭಟ್ಕಳಕ್ಕೆ ಮುಟ್ಟುವಾಗ ಎರಡೂವರೆ.

ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಡಾಕ್ಟರು ಕೂತಿದ್ದರು. ಬಾಗಿಲಿಗೆ ಪರದೆ, ಹೊರಗೆ ಎರಡು ಬೆಂಚು ತುಂಬ ಜನ. ನನ್ನ ಸರದಿ ಬರುವವರೆಗೆ ಕಾಯಲಿಲ್ಲ, ಪರದೆ ಸರಿಸಿ ನುಗ್ಗಿದೆ. ಜೊತೆಗೆ ತಂದ ಗುಲಾಬಿ, ಬಿಳಿ ಮಾತ್ರೆ ಮೇಜಿನ ಮೇಲಿಟ್ಟು, ಕುಮಟಾದ ಡಾಕ್ಟರು ಹೆಸರು ಕೇಳಿದ್ದಾರೆ ಎಂದು ಕೇಳಿಕೊಂಡದ್ದು ವಿನಯದಿಂದಲೇ.

ಅವರು ಕನ್ನಡಕ ತೆಗೆದರು. "ಯಾರು, ಆ ಕುಮಟೆಯ ಯಂತ್ರದವರಾ? ಕಲಿತು ಪಾಸಾದವರಿಗೆ ಮಾತ್ರೆ ನೋಡಿದ್ರೆ ಗೊತ್ತಾಗಬೇಕಪ್ಪ. ಯಂತ್ರಕ್ಕೇ ಕೇಳ್ಲಿ."

"ಯಂತ್ರ ಹೆಸರು ಕೇಳ್ತದೆ, ಡಾಕ್ಟ್ರೇ."

"ಹೆಸರು ಹೇಳಿದ್ರೆ ನಾಳೆ ನೀವೇ ಅಂಗಡಿಯಲ್ಲಿ ತಗೊಂಡು ಹತ್ತು ವರ್ಷ ತಿಂತೀರಿ. ಎಷ್ಟು ಜನರನ್ನು ನೋಡಿದ್ದೇನೆ ನಾನು. ಅದಕ್ಕೇ ಹೇಳೂದಿಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗೆ ತಿನ್ನುವವರನ್ನು ನಾನೂ ಬಲ್ಲೆ. ಆದರೂ ತಡೆಯಲಾಗಲಿಲ್ಲ. "ಹೆಸರು ಗೊತ್ತಿಲ್ಲದೆ ಎರಡು ವರ್ಷ ತಿಂದಳಲ್ಲ. ಆ ಎರಡು ವರ್ಷದಲ್ಲಿ ನೀವು ಅವಳ ಮುಖ ಒಂದು ಸಲ ನೋಡಿದ್ದೀರಾ? ರಕ್ತದ ಮಾತ್ರೆ ತಿಂತಾಳಾ ಅಂತ ಕೇಳಿದ್ದೀರಾ? ರಾತ್ರಿಯ ಮಾತ್ರೆ ಕೊಡಬೇಕೋ ಬಿಡಬೇಕೋ, ಅಷ್ಟು ಹೇಳಿ. ಹೆಸರು ನೀವೇ ಇಟ್ಕೊಳ್ಳಿ."

ದನಿ ಏರಿತ್ತು. ಪರದೆಯ ಆಚೆಗೂ ಕೇಳಿಸಿರಬೇಕು. ಬೆಂಚಿನ ತುದಿಯಲ್ಲಿದ್ದ ವಯಸ್ಸಾದ ಸಾಹೇಬರೊಬ್ಬರು, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರಂತೆ, ಕೋಲೂರಿಕೊಂಡು ಬಾಗಿಲಿಗೆ ಬಂದರು. ಜುಬ್ಬಾದ ಕಿಸೆಯಿಂದ ಕ್ಯಾಲೆಂಡರ್ ಪೊಟ್ಟಣ ತೆಗೆದರು. ಒಳಗೆ ಅದೇ ಗುಲಾಬಿ.

"ಡಾಕ್ಟರ್ ಸಾಬ್, ನಂದೂ ಇದೇ ಕಲರ್ ಉಂಟು. ನಾನೂ ಹಾರ್ಟಿಂದು ಗುಳಿಗೆ ತಿಂತೇನೆ. ನಂದೂ ಸ್ವಲ್ಪ ಬರೆದು ಕೊಡಿ."

ಅವರ ಬೆನ್ನಿಗೆ ಮುಟ್ಟಳ್ಳಿಯಿಂದ ಬಂದ ಹೆಂಗಸೊಬ್ಬಳು ತನ್ನ ಪೊಟ್ಟಣ ಹಿಡಿದು ನಿಂತಳು. 

ಡಾಕ್ಟರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಮೇಜಿನ ಡ್ರಾಯರು ಎಳೆದು ಕಾಗದದ ತುಂಡು ತೆಗೆದರು. ಗುಲಾಬಿ ಇದು, ಬಿಳಿ ಇದು ಎಂದು ಎರಡು ಸಾಲು ಬರೆದು ನನ್ನ ಕಡೆ ದೂಡಿದರು. "ಇನ್ನು ನಿಮ್ಮ ಅತ್ತೆಯನ್ನು ನನ್ನಲ್ಲಿಗೆ ತರುವುದು ಬೇಡ." ಸಾಹೇಬರ ಪೊಟ್ಟಣದ ಗತಿ ಏನಾಯಿತೋ ನೋಡಲು ನಾನು ನಿಲ್ಲಲಿಲ್ಲ.

ಎದುರಿನ ಎಸ್ಟಿಡಿ ಬೂತಿಗೆ ಓಡಿ ಕುಮಟಾದ ಡಾಕ್ಟರಿಗೆ ಫೋನು ಮಾಡಿದೆ. ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಒಂದೊಂದೇ ಇಂಗ್ಲಿಷ್ ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ. ಆ ಕಡೆ ಕಡ್ಡಿ ತಾಗುವ ಟಕ್ ಟಕ್ ಸದ್ದು. "ಸಿಕ್ಕಿತು" ಎಂದರು. ಮತ್ತೆ ಟಕ್ ಟಕ್. "ಇದೂ ಸಿಕ್ಕಿತು. ಬಿಳಿಯದ್ದು ನೋವಿನ ಮಾತ್ರೆ. ರಕ್ತದ ಮಾತ್ರೆಯ ಜೊತೆ ಕೊಡಲೇಬಾರದು ಅಂತ ಇಲ್ಲಿ ಬಂದಿದೆ. ಗುಲಾಬಿ ಸ್ಟೀರಾಯ್ಡು, ಮುಖ ಊದಿದ್ದು ಅದರಿಂದಲೇ. ಅದನ್ನು ಇವತ್ತು ಕೊಡ್ತೇನೆ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೆದರಬೇಡಿ, ಬನ್ನಿ."

ಅತ್ತೆ ಉಳಿದಳು. ಮೂರು ದಿನದಲ್ಲಿ ಒಸಡಿನ ರಕ್ತ ನಿಂತಿತು. ಡಾಕ್ಟರು ಒಂದು ದಪ್ಪ ಕಾರ್ಡಿನ ಮೇಲೆ ಅವಳ ಎಲ್ಲ ಮದ್ದಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಯಾವ ಡಾಕ್ಟರಲ್ಲಿಗೆ ಹೋದರೂ ಮೊದಲು ಇದನ್ನು ತೋರಿಸಿ ಎಂದರು. ನಾನು ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತ ಬಂದೆ. ಕೇಳಿದವರಲ್ಲಿ ಅರ್ಧ ಜನ, "ಹೌದನಾ? ಆದ್ರೂ ಹೊನ್ನಾವರದವ್ರ ಕೈಗುಣ ಬೇರೆಯೇ" ಎಂದರು. ಅಂಥವರೊಡನೆ ಜಗಳವಾಡಿ ಆಡಿ ನನ್ನ ಗಂಟಲು ಹೋಯಿತು.

ಆದರೆ ಸ್ಟೀರಾಯ್ಡು ಇಳಿಯುತ್ತ ಬಂದಂತೆ ಮಂಡಿಯ ನೋವು ಎರಡರಷ್ಟಾಗಿ ಬಂತು. ಹೊಳೆ ದೂರ ಉಳಿಯಿತು, ಅಂಗಳ ದಾಟುವುದೇ ಕಷ್ಟವಾಯಿತು. ಒಂದು ದಿನ ಕುಮಟಾಕ್ಕೆ ಕರೆದೊಯ್ದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಡಾಕ್ಟರ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳು. ನನಗೆ ತಿಳಿಯದ ಹಾಗೆ ಪಕ್ಕದ ಮನೆಯವಳ ಕೈಲಿ ಹೊನ್ನಾವರದಿಂದ ತರಿಸಿದ್ದಳು.

"ಇದ್ರ ಹೆಸ್ರು ಎಂತದು, ನೋಡಿ ಹೇಳಿ ಡಾಕ್ಟ್ರೇ. ಅಡ್ಡಿಲ್ಲ ಅಂದ್ರೆ ತಿಂತೆ."

ಈ ಸಲದ ಮಾತ್ರೆ ಹಳದಿ. ಡಾಕ್ಟರು ಯಂತ್ರ ತೆಗೆಯಲೂ ಇಲ್ಲ. "ಹೆಸರಿಲ್ಲಮ್ಮ. ಹೇಗೆ ಹೇಳಲಿ?"

ನಾನು ಕುದಿದುಹೋದೆ. ಇಷ್ಟೆಲ್ಲ ಆದ ಮೇಲೂ ಆ ಕಿಟಕಿಯಿಂದ ಹೆಸರಿಲ್ಲದ ಪೊಟ್ಟಣವೇ ಬರುತ್ತಿದೆ, ಇಷ್ಟೆಲ್ಲ ಆದ ಮೇಲೂ ಇವಳು ಅದನ್ನೇ ತರಿಸುತ್ತಾಳೆ. ಡಾಕ್ಟರೆದುರೇ ಅವಳಿಗೆ ಬೈದೆ, ಹೊನ್ನಾವರದವರಿಗೂ ಬೈದೆ. ಅತ್ತೆ ಎಲ್ಲ ಕೇಳಿಸಿಕೊಂಡಳು. ಪೊಟ್ಟಣವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಕುರ್ಚಿಯ ಕೈ ಊರಿ ಎದ್ದಳು.

"ತಿನ್ನೂದಿಲ್ಲ, ಆತಾ? ನೀ ಬೈದು ಮುಗಿದ್ರೆ ಕೈ ಕೊಡು. ಮೆಟ್ಲು ಇಳಿಬೇಕು."