ಎಳ್ಳಿನ ಜೊತೆ ಹುಣಸೆ ಬೀಜ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಯದುಗಿರಮ್ಮ ಹುಡುಗಿಯರ ಶಾಲೆಯ ಉಪಾಧ್ಯಾಯಿನಿ. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಐವತ್ತೆಂಟನೇ ಇಸವಿಯ ಸುಮಾರಿಗೆ ಪುರಸಭೆಯವರು ಊರಿಗೊಂದು ಪಾರ್ಕು ಮಾಡುತ್ತೇವೆ, ಎಲ್ಲಿ ಬೇಕೆಂದು ಜನರೇ ಹೇಳಲಿ ಎಂದು ಸಾರಿಸಿದರು. ಗಂಡಸರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಜಗಳ ಕಾದರು. ಯದುಗಿರಮ್ಮ ಸಂಕ್ರಾಂತಿಗೆ ಕಾದರು.

ಹಬ್ಬದ ದಿನ ಎಳ್ಳು ಬೀರಲು ಹೋದ ಮನೆಗಳಲ್ಲೆಲ್ಲ, ಆಡಲು ಜಾಗವಿಲ್ಲದ ಮಗುವಿಗೊಂದರಂತೆ ಹುಣಸೆ ಬೀಜ ಕೇಳಿದರು. ಬೀದಿಗೊಂದು ಕುಡಿಕೆ; ಹೆಚ್ಚು ಬೀಜ ಬಿದ್ದ ಕಡೆಗೆ ಪಾರ್ಕು ಕೇಳುವುದೆಂದು ಲೆಕ್ಕ. ದೊಡ್ಡ ಹಿತ್ತಿಲಿದ್ದವರೂ ಧಾರಾಳವಾಗಿ ಹಾಕಿದರೆನ್ನಿ. ಸಂಜೆ ನೋಡಿದರೆ ನಮ್ಮ ಬೀದಿಯ ಕುಡಿಕೆಯೇ ತುಂಬಿತ್ತು. ಯದುಗಿರಮ್ಮನ ಮಗಳು ಗೋದಾ ಆಗಲೇ ಉಯ್ಯಾಲೆಗೆ ಜಾಗ ಗೊತ್ತುಮಾಡಿದ್ದಳು.

"ಇಡೀ ಊರನ್ನೇ ಕೇಳಿದ ಹಾಗಾಯ್ತು ಬಿಡೇ," ಎಂದರು ಯದುಗಿರಮ್ಮನ ಅತ್ತೆ ಚೆಲುವಾಂಬ. "ನಾವು ಎಳ್ಳು ಕೊಟ್ಟು ತಗೊಳ್ಳೋ ಮನೆ ಒಂದನ್ನೂ ಬಿಟ್ಟಿಲ್ಲ."

ಯದುಗಿರಮ್ಮನ ಮುಖ ಸಪ್ಪಗಾಯಿತು. ಎಳ್ಳು ಕೊಟ್ಟು ತೆಗೆದುಕೊಳ್ಳುವ ಮನೆಗಳೆಂದರೆ ನೆಂಟರು, ನಮ್ಮವರು. ರೈಲು ಹಳಿಯಾಚೆಯ ಸಾಲುಮನೆಗಳಿಗೆ ನಮ್ಮ ಬೀದಿಯಿಂದ ಎಂದೂ ಎಳ್ಳು ಹೋದದ್ದಿಲ್ಲ.

ಮರುದಿನ ಉಳಿದ ಎಳ್ಳು ಕಟ್ಟಿಕೊಂಡು ಹೊರಟೇಬಿಟ್ಟರು. ಅತ್ತೆ ಗೊಣಗಿದರು. ನಾನು ಜೊತೆಗೆ ಹೋದೆ. ಮೊದಲ ಮನೆ ಗ್ಯಾಂಗ್‌ಮನ್ನನ ಹೆಂಡತಿ ಮಹದೇವಮ್ಮನದು. ನೀರಿಗೆ ಹೊರಟಿದ್ದ ಆಕೆ ಮಗನ ಸೊಂಟಕ್ಕೆ ಹಳೆ ಸೀರೆ ಸುತ್ತಿ ಬಾಗಿಲ ಕಂಬಕ್ಕೆ ಕಟ್ಟುತ್ತಿದ್ದಳು.

"ಬಿಟ್ರೆ ಹಳಿ ಮ್ಯಾಕೆ ಓಡ್ತಾನೆ ಕಣ್ರವ್ವಾ. ಇನ್ನೆಲ್ಲೈತೆ ಆಡೋಕೆ ಜಾಗ?"

ಯದುಗಿರಮ್ಮ ಎಳ್ಳು ಕೊಟ್ಟು ಕುಡಿಕೆ ಮುಂದೆ ಹಿಡಿದರು. ಸಾಲು ಮುಗಿಯುವಷ್ಟರಲ್ಲಿ ಕುಡಿಕೆ ತುಂಬಿ, ಬೀಜ ಯದುಗಿರಮ್ಮನ ಸೆರಗಿಗೂ ಬಂತು.

ಪಾರ್ಕು ನಮ್ಮ ಬೀದಿಗೆ ಬರುವುದಿಲ್ಲವೆಂದು ತಿಳಿದು ಗೋದಾ ಊಟ ಬಿಟ್ಟು ಮುನಿಸಿಕೊಂಡಳು. "ನಿನ್ನನ್ನ ಯಾರಾದ್ರೂ ಕಂಬಕ್ಕೆ ಕಟ್ಟಿದಾರೇನೇ?" ಎಂದು ಯದುಗಿರಮ್ಮ ಕಂಡದ್ದನ್ನು ಹೇಳಿದರು. ಹುಡುಗಿ ಎದ್ದು ಬಂದು ತಟ್ಟೆಯ ಮುಂದೆ ಕೂತಳು.

ಪುರಸಭೆಯ ಮೇಜಿನ ಮೇಲೆ ಬೀಜಗಳನ್ನು ಬೀದಿವಾರು ಸುರಿದಾಗ ಅಧ್ಯಕ್ಷ ಜಯದೇವಪ್ಪನವರು ಮೊದಲು ನಕ್ಕರು. ಹಳಿಯಾಚೆಯ ರಾಶಿ ನೋಡಿದ ಮೇಲೆ ನಗಲಿಲ್ಲ. ವರ್ಷ ತುಂಬುವುದರೊಳಗೆ ಅಲ್ಲಿ ಗಟ್ಟಿ ಬೇಲಿ ಬಂತು, ಬೇವಿನ ಸಸಿ ಬಂತು, ಉಯ್ಯಾಲೆ ಬಂತು.

ಮುಂದಿನ ಸಂಕ್ರಾಂತಿಗೆ ಮಹದೇವಮ್ಮ ಎಳ್ಳು ಹಿಡಿದು ನಮ್ಮ ಬೀದಿಗೆ ಬಂದು, ಯದುಗಿರಮ್ಮನ ಮನೆಯ ಮೆಟ್ಟಿಲ ಕೆಳಗೇ ನಿಂತಳು. ಚೆಲುವಾಂಬ ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದುಕೊಂಡೆ. ಆದರೆ ಅವರು ಸಕ್ಕರೆ ಅಚ್ಚು, ಕಬ್ಬು ಇಟ್ಟ ತಟ್ಟೆಯೊಂದಿಗೆ ಹೊರಗೆ ಬಂದರು.

"ಮೇಲೆ ಬಾರೇ. ಮಗೂನ ಎಲ್ಲಿ ಕಟ್ಟಿ ಬಂದೆ?"

"ಕಟ್ಟಿಲ್ಲ ಕಣ್ರವ್ವಾ," ಎಂದಳು ಮಹದೇವಮ್ಮ. "ಉಯ್ಯಾಲೆ ಬಿಟ್ಟು ಬರಾಕಿಲ್ಲ ಅಂದ. ನಿಮ್ಮ ಗೋದವ್ವ ತಳ್ತಾವ್ರೆ."