ಅವ್ವನ ಎಡೆಗೆ ಎರಡು ಬೆರಳಗಲದ ಲೇಸು

ಅವ್ವ ಹೋದ ಮೇಲೆ ಅವಳು ಹೆಣೆದ ಲೇಸು ನನ್ನ ಕಣ್ಣಿಗೆ ಬಿದ್ದದ್ದು ಅಣ್ಣನ ಜೀಪಿನ ಸೀಟಿನ ಕೆಳಗೆ. ದಿಂಬಿನ ಕವರಿನ ಸುತ್ತ ಎರಡು ಬೆರಳಗಲದ ಅಂಚು. ಅತ್ತಿಗೆ ಅದನ್ನು ಗಾಜು ಒರೆಸಲು ಕೊಟ್ಟಿದ್ದಳು. ಡೀಸೆಲ್ಲು, ನಾಯಿಕೂದಲು, ಬೂಷ್ಟು ಎಲ್ಲ ಸೇರಿ ನಾರುತ್ತಿತ್ತು. ಮೂಗು ಮುಚ್ಚಿಕೊಂಡೆ. ನಾತಕ್ಕಿಂತ ಹೆಚ್ಚಾಗಿ, ಅದನ್ನು ಕೊಟ್ಟ ಕೈ ನೆನೆದು.

ಅವ್ವ ಸೈಕಲ್ ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡು, ಬಿಳಿ ನೂಲಿನಲ್ಲಿ ಈ ಅಂಚು ಹೆಣೆಯುತ್ತಿದ್ದಳು. ನೆಂಟರಲ್ಲಿ ಯಾವ ಹುಡುಗಿಯ ಮದುವೆಯಾದರೂ ಒಂದು ಜೊತೆ ದಿಂಬಿನ ಕವರು ಹೋಗಲೇಬೇಕು. ಕೇಳಿ ಕೇಳಿ ಒಯ್ದರು. ಅವಳ ಮೈಮೇಲೆ ಮಾತ್ರ ಒಂದು ಗೇಣು ಲೇಸನ್ನೂ ನಾನು ನೋಡಲಿಲ್ಲ.

ಹಿರಿಯರ ಹಬ್ಬಕ್ಕಾದರೂ ಒಂದು ರವಿಕೆ ಕಣಕ್ಕೆ ಆ ಅಂಚು ಹಾಕಿ ಅವಳ ಎಡೆಗೆ ಇಡಬೇಕು ಅನ್ನಿಸಿತು. ಕವರನ್ನು ಬೆಳಗೋಡಿನ ನನ್ನ ಮನೆಗೆ ತಂದು, ಬಿಸಿನೀರಿನಲ್ಲಿ ನೆನೆಸಿ ಒಗೆದು, ಮುಂದಿಟ್ಟುಕೊಂಡು, ಅದನ್ನೇ ನೋಡಿ ಹೊಸ ಅಂಚು ಹೆಣೆಯಲು ಕೂತೆ. ನೂಲು ಸುತ್ತಿ ಒಂದು ತೂತು, ಎರಡು ಕುಣಿಕೆ ಸೇರಿಸಿ ಒಂದು, ಮತ್ತೆ ತೂತು. ತಪ್ಪಿದಾಗಲೆಲ್ಲ ಬಿಚ್ಚಿದೆ, ಬಿಚ್ಚಿದಾಗಲೆಲ್ಲ ಅತ್ತಿಗೆಯನ್ನು ಬೈದೆ. ಮುಗಿದ ಮೇಲೆ ಅವ್ವ ಮಾಡುತ್ತಿದ್ದಂತೆ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಬಿಳಿ ನೂಲಿಗೆ ಸ್ವಲ್ಪ ಕೆನೆಬಣ್ಣ ಬಂತು. ಅದನ್ನು ಹೊಸ ರವಿಕೆ ಕಣಕ್ಕೆ ಹೊಲಿದೆ.

ಹಬ್ಬದ ದಿನ ಆನೇಮಹಲಿನ ಹತ್ತಿರದ ಅಣ್ಣನ ಮನೆಗೆ ಹೋದೆ. ಅವ್ವನ ಫೋಟೊ ಮುಂದೆ ಬಾಳೆಲೆ, ಅದರಲ್ಲಿ ಕಡುಬು, ಕೋಳಿಸಾರು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಸಿರು ಸೀರೆ. ರವಿಕೆ ಕಣ ಇಡಲು ಬಗ್ಗಿದಾಗ ಕವರಿನ ಮಡಿಕೆಯಲ್ಲಿ ಬಣ್ಣ ಮಾಸಿದ ಅಕ್ಷತೆ ಕಾಳು ಕಂಡವು. ಹೋದ ವರ್ಷದ್ದು. ಸೀರೆಯೂ ಹೋದ ವರ್ಷದ್ದೇ. ಹಬ್ಬ ಬಂದಾಗ ಎಲೆಯ ಮುಂದೆ, ಮುಗಿದ ಮೇಲೆ ಬೀರುವಿಗೆ. ಥೂ, ಸತ್ತವಳಿಗೂ ಮೋಸ.

ಅತ್ತಿಗೆ ನನ್ನ ರವಿಕೆ ಕಣ ಎತ್ತಿಕೊಂಡು, ಲೇಸನ್ನು ಬೆರಳಲ್ಲಿ ಉಜ್ಜಿ ನೋಡಿ, ಕಿಟಕಿಯಲ್ಲಿಟ್ಟಳು.

"ಹಳೇದಿದ್ದಂಗೈತೆ ಕಣಮ್ಮ. ಹಿರೀಕರಿಗೆ ಹೊಸದೇ ಇಡ್ಬೇಕು."

ಅಣ್ಣ ಕೇಳಿಸದವನಂತೆ ಧೂಪ ಹಾಕುತ್ತಿದ್ದ. ಅವನ ಬೆನ್ನು ನೋಡಿಯೂ ಹೇಸಿಗೆಯಾಯಿತು.

ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಆಗ ಹಿರಿಯರು ಬಂದು ಉಣ್ಣುತ್ತಾರೆ, ಉಡುತ್ತಾರೆ ಎಂದು ನಂಬಿಕೆ. ನಾನು ಬೇಕೆಂದೇ ಹಿಂದೆ ಉಳಿದೆ. ಕವರು ಹರಿದು, ಸೀರೆಯ ಮಡಿಕೆಯನ್ನೆಲ್ಲ ಬಿಚ್ಚಿ ಎಲೆಯ ಸುತ್ತ ಹರವಿ, ಮೇಲೆ ಲೇಸಿನ ರವಿಕೆ ಕಣ ಇಟ್ಟು, ಬಾಗಿಲು ಎಳೆದುಕೊಂಡು ಬಂದೆ.

ಜಗಲಿಯಲ್ಲಿ ಎಲ್ಲರೂ ಕಾಳುಮೆಣಸಿನ ರೇಟು ಮಾತಾಡಿದರು. ಬಾಗಿಲು ತೆಗೆದಾಗ ಅತ್ತಿಗೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹಸಿರು ಸೀರೆಯ ಸೆರಗು ಕೋಳಿಸಾರಿನಲ್ಲಿ ನೆಂದಿತ್ತು.

"ಅವ್ವ ಉಟ್ಕೊಂಡವ್ಳೆ ಕಣತ್ತಿಗೆ," ಎಂದೆ. "ಬರೋ ವರ್ಷಕ್ಕೆ ಬೇರೆ ತನ್ನಿ."