ದೀಪಾವಳಿಯ ಮೌನವ್ರತ

ಹಬ್ಬಕ್ಕೆ ಇನ್ನೂ ಎರಡು ದಿನವಿರುವಾಗಲೇ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಾರೋ ಒಂದು ಆಟಂ ಬಾಂಬ್ ಹಚ್ಚಿದರು. ಆ ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನಲ್ಲಿ ಭಕ್ತಿ ಉಕ್ಕಿತು. ನಗಬೇಡಿ. ದೀಪಾವಳಿಯ ಮೂರು ದಿನವೂ ನಾನು ದೇವರ ಮನೆಯ ಬಾಗಿಲು ಹಾಕಿಕೊಂಡು ಮೌನವ್ರತದಲ್ಲಿರುತ್ತೇನೆಂಬುದು ಬಂಧುಬಳಗಕ್ಕೆಲ್ಲ ಗೊತ್ತು. ಹೊರಗೆ ಬಂದರೆ ಕಾಲಿಗೆ ಬೀಳಲು ಮಾವಳ್ಳಿಯ ಚಿಕ್ಕಮ್ಮನ ಸೊಸೆಯರು ಸಾಲಾಗಿ ನಿಂತಿರುತ್ತಾರೆ. ನಾನೂ ಮಾನಗೆಟ್ಟು ಅಕ್ಷತೆ ಹಾಕುತ್ತೇನೆ.

ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಒಳಗೆ ನಾನು ಜಪ ಮಾಡುವುದಿಲ್ಲ. ಹೂಬತ್ತಿಗಳನ್ನು ಕಿವಿಗೆ ತುರುಕಿಕೊಂಡು ನಡುಗುತ್ತ ಕೂತಿರುತ್ತೇನೆ.

ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಅಪ್ಪನಿಗೆ ಪಂಜಾಬಿನ ಗಡಿಯ ಒಂದೂರಿನಲ್ಲಿ ಗುಮಾಸ್ತಿಕೆ. ನನಗೆ ಆರು ವರ್ಷ, ಅಕ್ಕನಿಗೆ ಒಂಬತ್ತು. ಸೈರನ್ ಕೂಗಿದರೆ ಹಿತ್ತಲಲ್ಲಿ ತೋಡಿದ್ದ ಗುಂಡಿಗೆ ಇಳಿಯಬೇಕು. ವಿಮಾನದವನಿಗೆ ಕೇಳಿಸಿಬಿಟ್ಟೀತೆಂದು ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಅಮ್ಮನಿಗೆ ಒಲೆಯ ಮೇಲೆ ಬಿಟ್ಟುಬಂದ ಸಾರಿನ ಚಿಂತೆ. ಒಂದು ಸಲ ಬಾಂಬು ಪಕ್ಕದ ಬೀದಿಗೇ ಬಿದ್ದು, ಗುಂಡಿಯ ಮಣ್ಣು ನಮ್ಮ ತಲೆಯ ಮೇಲೆ ಕುಸಿಯಿತು. ‘ನಮಗೇನೂ ಆಗಿಲ್ಲ’ ಎಂದು ಅಪ್ಪ ಊರಿಗೆ ಕಾಗದ ಬರೆದರು. ನನಗೆ ಏನಾಗಿತ್ತೆಂದು ನಾನೂ ಹೇಳಲಿಲ್ಲ.

ಅಕ್ಕನನ್ನು ಕಂಡರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅದೇ ಗುಂಡಿ, ಅದೇ ಬಾಂಬು. ಆದರೂ ಈ ಗಂಡುಬೀರಿ ಅರವತ್ತು ದಾಟಿದ ಮೇಲೂ ಸೆರಗು ಸಿಕ್ಕಿಸಿಕೊಂಡು ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚುತ್ತಾಳೆ.

ಈ ಸಲ ನರಕಚತುರ್ದಶಿಯ ಸಂಜೆ ಅವಳು ದೇವರ ಮನೆಗೇ ನುಗ್ಗಿ ನನ್ನ ಕಿವಿಯ ಬತ್ತಿ ಕಿತ್ತಳು. "ಸಾಕು ಎದ್ದೇಳೋ ಋಷಿ. ನಿನ್ನ ನಾಟಕ ನಂಗೊತ್ತಿಲ್ವಾ?"

"ನಂಗೆ ಭಯ ಆಗುತ್ತೆ ಕಣೆ" ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು.

"ನಂಗಾಗಲ್ವಾ? ನಾನೇ ಹಚ್ಚಿದ್ರೆ ಯಾವಾಗ ಸಿಡಿಯುತ್ತೆ ಅಂತ ಗೊತ್ತಿರುತ್ತೆ. ಅದಕ್ಕೇ ಹಚ್ತೀನಿ." ಕಿತ್ತ ಬತ್ತಿಯನ್ನು ನನ್ನ ಕೈಗಿಟ್ಟು ಹೇಳಿದಳು: "ಆ ಗುಂಡೀಲಿ ನನ್ನೆರಡು ಕೈನೂ ನಿನ್ನ ಕಿವಿ ಮೇಲಿದ್ವು. ನನ್ನ ಕಿವಿ ಯಾರು ಮುಚ್ಚಿದ್ರೋ?"

ನಾನು ಅದನ್ನು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಎದ್ದು ಹೊರಗೆ ಬಂದೆ. "ಜಪಗಿಪ ಏನಿಲ್ಲಮ್ಮ, ಹೆದರ್ಕೊಂಡು ಕೂತಿದ್ದೆ" ಎಂದು ಸೊಸೆಯರಿಗೆ ಹೇಳಿದೆ. ಅದು ನನ್ನ ವಿನಯವಿರಬೇಕೆಂದುಕೊಂಡು ಅವರು ಇನ್ನೊಂದು ಸಲ ಕಾಲಿಗೆ ಬಿದ್ದರು. ಅಕ್ಕ ಪಟಾಕಿಗೆ ಊದುಕಡ್ಡಿ ತಾಗಿಸಿ ಓಡಿಬಂದಳು. ನಾನು ಅವಳ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ನಿಂತೆ. ನನ್ನವು ತೆರೆದೇ ಇದ್ದವು. ಢಮ್ ಎಂದಿತು. ಬೆಚ್ಚಿಬಿದ್ದೆ, ಕೈ ಮಾತ್ರ ತೆಗೆಯಲಿಲ್ಲ.

"ಬಿಡೋ, ಓಲೆ ಚುಚ್ತಿದೆ" ಎಂದಳು ಅಕ್ಕ.

ನಾನು ಬಿಡಲಿಲ್ಲ.